ರಾಸೀನನ ‘ಫೇದ್ರ’ದಲ್ಲಿ ತಪ್ಪೊಪ್ಪಿಗೆ: ಜನಪದ ಆಶಯವೊಂದರ ಹಿನ್ನೆಲೆಯಲ್ಲಿ

ಹಿರಿಯ ಸ್ಥಾನದಲ್ಲಿರುವ ಹೆಣ್ಣೊಬ್ಬಳು ತನಗೆ ನಿಷಿದ್ಧನಾದ ತರುಣನಲ್ಲಿ ಅನುರಕ್ತಳಾಗುವುದು, ಆತ ನಿರಾಕರಿಸಿದಾಗ ಅವನ ಮೇಲೆಯೇ ಅಪವಾದ ಹೊರಿಸುವುದು, ಮನೆಯ ಯಜಮಾನ ವಿಚಾರಿಸದೆ ಆ ತರುಣನಿಗೆ ಶಿಕ್ಷೆ ವಿಧಿಸುವುದು ಎಂಬ ಮೂರು ಘಟ್ಟಗಳ ಕಥೆ ಜಗತ್ತಿನ ಬಹುಭಾಗಗಳಲ್ಲಿ ದೊರೆಯುತ್ತದೆ. ಸ್ಟಿತ್ ಥಾಮ್ಸನ್ ತನ್ನ ಆಶಯ ಸೂಚಿಯಲ್ಲಿ ಇದಕ್ಕೆ ಕೆ 2111 ಎಂಬ ಸಂಖ್ಯೆಯನ್ನು ಕೊಟ್ಟು, ಬೈಬಲಿನ ಪ್ರಸಂಗವನ್ನು ಅನುಸರಿಸಿ ‘ಪೋತೀಫರನ ಹೆಂಡತಿ’ ಎಂದು ಹೆಸರಿಸಿದ್ದಾನೆ. ಈಜಿಪ್ಟಿನ ಅಣ್ಣತಮ್ಮಂದಿರ ಕಥೆ, ಅಶೋಕನ ಮಗ ಕುಣಾಲ ಮತ್ತು ತಿಷ್ಯರಕ್ಷಿತೆಯ ಕಥೆ, ತೆಲುಗು ತಮಿಳುಗಳಲ್ಲಿ ಹಬ್ಬಿ ಕನ್ನಡ ರಂಗಭೂಮಿಗೂ ಬಂದ ಸಾರಂಗಧರನ ಕಥೆ ಇವೆಲ್ಲ ಇದೇ ಬಳ್ಳಿಯ ಕುಡಿಗಳು. ಕನ್ನಡಿಗರಿಗೆ ಇವುಗಳಲ್ಲಿ ಅತ್ಯಂತ ಪರಿಚಿತವಾದದ್ದು ಕುಮಾರರಾಮನ ಕಥೆ. ಚೆಂಡಾಟದಲ್ಲಿ ಅರಮನೆಯೊಳಗೆ ಬಿದ್ದ ಚೆಂಡನ್ನು ತರಲು ಹೋದ ರಾಮನನ್ನು ಕಂಪಿಲರಾಯನ ಕಿರಿಯ ಹೆಂಡತಿ ರತ್ನಾಜಿ ಬಯಸುತ್ತಾಳೆ. ಆತ ತಾಯಿಯೆಂದು ಕೈಮುಗಿದು ಹಿಂದೆ ಸರಿದಾಗ ದೂರು ಹೇಳುತ್ತಾಳೆ. ರಾಮನಿಗೆ ‘ಪರನಾರಿ ಸಹೋದರ’ ಎಂಬ ಬಿರುದು ನಿಂತದ್ದು ಈ ಪ್ರಸಂಗದಿಂದ.

ಈ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡುವ ವಿದ್ವಾಂಸರ ಗಮನ ಸಾಮಾನ್ಯವಾಗಿ ಮೊದಲ ಎರಡು ಘಟ್ಟಗಳ ಮೇಲೆ, ಅಂದರೆ ಮೋಹ ಮತ್ತು ಅಪವಾದದ ಮೇಲೆ, ನಿಲ್ಲುತ್ತದೆ. ಕೊನೆಯಲ್ಲಿ ಸತ್ಯ ಹೊರಬರುವುದು ಯಾರಿಂದ ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಕಥೆಯ ಸ್ವರೂಪ ಬದಲಾಗುವುದಾದರೋ ಇಲ್ಲಿಯೇ. ಕುಮಾರರಾಮನ ಕಥೆಯಲ್ಲಿ ನಿರೂಪಣೆಯ ಭಾರವೆಲ್ಲ ಮಂತ್ರಿ ಬೈಚಪ್ಪನ ಉಪಾಯದ ಮೇಲಿದೆ. ಆತ ರಾಮನನ್ನು ಗುಟ್ಟಾಗಿ ಬಚ್ಚಿಟ್ಟು ಅರಸನಿಗೆ ಬೇರೆ ತಲೆಯನ್ನು ತೋರಿಸುತ್ತಾನೆ. ದೆಹಲಿಯ ದಂಡು ಬಂದಾಗ ಸತ್ತನೆಂದುಕೊಂಡ ವೀರ ಎದ್ದು ಬರುತ್ತಾನೆ. ಅವನ ಬರವೇ ಅವನ ನಿರ್ದೋಷಕ್ಕೆ ಸಾಕ್ಷಿ. ಸಾರಂಗಧರನಿಗೆ ಕಡಿದ ಕೈಕಾಲುಗಳು ಮರಳಿ ಬರುತ್ತವೆ. ಅಲ್ಲಿ ಪವಾಡವೇ ತೀರ್ಪು. ಬೈಬಲಿನ ‘ಆದಿಕಾಂಡ’ದಲ್ಲಿ ಯೋಸೇಫನನ್ನು ಸೆರೆಗೆ ತಳ್ಳಿದ ಮೇಲೆ ಪೋತೀಫರನ ಹೆಂಡತಿ ಕಥೆಯಿಂದಲೇ ಮರೆಯಾಗುತ್ತಾಳೆ. ಅವಳು ಏನಾದಳೆಂದು ಯಾರೂ ಕೇಳುವುದಿಲ್ಲ. ಸುಳ್ಳು ಹೇಳಿದವಳ ಬಾಯಿಂದಲೇ ಸತ್ಯ ಬರುವುದು ಈ ಪರಂಪರೆಯಲ್ಲಿ ಅಪರೂಪ.

ಅಪವಾದಗಳಿಲ್ಲದಿಲ್ಲ. ಕುರಾನಿನ ಹನ್ನೆರಡನೆಯ ಅಧ್ಯಾಯವಾದ ‘ಯೂಸುಫ್’ನಲ್ಲಿ ಅಜೀಜನ ಹೆಂಡತಿ ರಾಜನ ವಿಚಾರಣೆಯ ಮುಂದೆ ತಪ್ಪು ತನ್ನದೆಂದು ಒಪ್ಪುತ್ತಾಳೆ. ಅದರ ಬೆನ್ನಿಗೇ ಬರುವ, ತನ್ನ ಮನಸ್ಸನ್ನು ತಾನು ನಿರ್ದೋಷವೆನ್ನುವುದಿಲ್ಲ ಎಂಬರ್ಥದ ಮಾತು ಅವಳದೋ ಯೂಸುಫನದೋ ಎಂಬ ಬಗ್ಗೆ ವ್ಯಾಖ್ಯಾನಕಾರರಲ್ಲಿ ಭಿನ್ನಾಭಿಪ್ರಾಯವಿದೆ. ತಪ್ಪೊಪ್ಪಿಗೆಯ ಮಾತು ಎಲ್ಲಿ ಮುಗಿಯಿತು, ಆತ್ಮಸಮರ್ಥನೆ ಎಲ್ಲಿ ಆರಂಭವಾಯಿತು ಎಂದು ಗೆರೆ ಎಳೆಯುವುದು ಎಷ್ಟು ಕಷ್ಟವೆಂಬುದಕ್ಕೆ ಈ ಒಂದು ನಿದರ್ಶನ ಸಾಕು. ಈ ಕಷ್ಟವನ್ನೇ ನಾಟಕದ ಕೇಂದ್ರವಾಗಿಸಿದ ಕೃತಿ ಫ್ರಾನ್ಸಿನ ಜಾಂ ರಾಸೀನನ ‘ಫೇದ್ರ’. 1677ರ ಜನವರಿ 1ರಂದು ಪ್ಯಾರಿಸ್ಸಿನಲ್ಲಿ ಮೊದಲ ಪ್ರಯೋಗ ಕಂಡ ಈ ದುರಂತ ನಾಟಕ 1654 ಸಾಲುಗಳ ಪದ್ಯರೂಪದಲ್ಲಿದೆ. ಪಾತ್ರಗಳ ಹೆಸರುಗಳನ್ನು ಮುಂದೆ ಗ್ರೀಕ್ ಉಚ್ಚಾರಣೆಗೆ ಹತ್ತಿರವಾಗಿ ಕೊಡಲಾಗಿದೆ. ನಾಯಿಕೆಯ ಹೆಸರನ್ನು ಮಾತ್ರ ಫ್ರೆಂಚ್ ರೂಪದಲ್ಲಿಯೇ ಉಳಿಸಿಕೊಳ್ಳಲಾಗಿದೆ.

ರಾಸೀನನಿಗೆ ಕಥೆ ದೊರೆತದ್ದು ಮುಖ್ಯವಾಗಿ ಇಬ್ಬರಿಂದ. ಕ್ರಿ.ಪೂ. 428ರಲ್ಲಿ ಅಥೆನ್ಸಿನಲ್ಲಿ ಬಹುಮಾನ ಪಡೆದ ಯೂರಿಪಿಡೀಸನ ‘ಹಿಪ್ಪೊಲಿಟಸ್’ ನಾಟಕದಲ್ಲಿ ರಾಣಿ ತಪ್ಪೊಪ್ಪಿಕೊಳ್ಳುವುದೇ ಇಲ್ಲ. ದಾದಿ ಗುಟ್ಟು ಹೊರಗೆಡವಿದಾಗ ಅವಳು ನೇಣು ಹಾಕಿಕೊಳ್ಳುತ್ತಾಳೆ. ಸತ್ತವಳ ಕೈಗೆ ಕಟ್ಟಿದ ಬರಹದ ಹಲಗೆ ಹಿಪ್ಪೊಲಿಟಸನ ಮೇಲೆ ಸುಳ್ಳು ಆಪಾದನೆ ಮಾಡುತ್ತದೆ. ತನ್ನ ಮತ್ತು ಮಕ್ಕಳ ಹೆಸರನ್ನು ಉಳಿಸಿಕೊಳ್ಳುವುದು ಅವಳ ಒಂದು ಉದ್ದೇಶ. ತನ್ನನ್ನು ಹೀನಾಯವಾಗಿ ಬೈದ ಆ ಗರ್ವಿಷ್ಠ ತರುಣ ತನ್ನ ನೋವಿನಲ್ಲಿ ಪಾಲುಗೊಂಡು ಪಾಠ ಕಲಿಯಲಿ ಎಂಬುದು ಇನ್ನೊಂದು. ಸತ್ಯವನ್ನು ಹೇಳಲು ಕೊನೆಗೆ ಆರ್ಟೆಮಿಸ್ ದೇವತೆಯೇ ರಂಗಕ್ಕೆ ಬರಬೇಕಾಗುತ್ತದೆ. ಕ್ರಿ.ಶ. ಮೊದಲ ಶತಮಾನದ ರೋಮನ್ ಲೇಖಕ ಸೆನೆಕ ದೇವತೆಯನ್ನು ಕೈಬಿಟ್ಟ. ಅವನ ರಾಣಿ ಹಿಪ್ಪೊಲಿಟಸನ ಛಿದ್ರಗೊಂಡ ಶವದ ಮುಂದೆ ನಿಂತು, ಗಂಡನೆದುರು ಸತ್ಯವನ್ನು ನುಡಿದು, ಖಡ್ಗದಿಂದ ಇರಿದುಕೊಂಡು ಸಾಯುತ್ತಾಳೆ. ಆ ಒಪ್ಪಿಗೆಯಲ್ಲಿ ಪಶ್ಚಾತ್ತಾಪಕ್ಕಿಂತ ಪ್ರೇಮದ ಧ್ವನಿಯೇ ಮೇಲಾಗಿದೆ. ಬದುಕಿನಲ್ಲಿ ಕೂಡಲಾಗದವನನ್ನು ಸಾವಿನಲ್ಲಾದರೂ ಹಿಂಬಾಲಿಸುವ ಹಂಬಲ ಅದು. ದೇವತೆಯ ಬಾಯಲ್ಲಿದ್ದ ಸತ್ಯವನ್ನು ತಪ್ಪಿತಸ್ಥೆಯ ಬಾಯಿಗೆ ತಂದದ್ದು ಸೆನೆಕನ ಸಾಧನೆ. ಅದನ್ನು ಒಂದು ಸಮಸ್ಯೆಯಾಗಿ ಬೆಳೆಸಿದ್ದು ರಾಸೀನ್.

ರಾಸೀನನ ನಾಟಕದಲ್ಲಿ ಫೇದ್ರ ಮೂರು ಬಾರಿ ಒಪ್ಪಿಕೊಳ್ಳುತ್ತಾಳೆ. ಮೊದಲನೆಯದು ದಾದಿ ಈನೋನೆಯ ಎದುರು. ಅನ್ನ ನಿದ್ರೆಗಳನ್ನು ಬಿಟ್ಟು ಸಾಯಲು ಹೊರಟವಳನ್ನು ದಾದಿ ಕಾಲು ಹಿಡಿದು ಒತ್ತಾಯಿಸಿದಾಗ ಆ ಮಾತು ಹೊರಬರುತ್ತದೆ. ಆಗಲೂ ಹಿಪ್ಪೊಲಿಟಸನ ಹೆಸರನ್ನು ಫೇದ್ರ ಉಚ್ಚರಿಸುವುದಿಲ್ಲ. ದಾದಿಯೇ ಅದನ್ನು ಹೇಳುವಂತೆ ಮಾಡಿ, ಹೇಳಿದವಳು ನೀನು ಎಂದು ಜಾರಿಕೊಳ್ಳುತ್ತಾಳೆ. ಯೂರಿಪಿಡೀಸನಿಂದ ಬಂದ ಈ ಸಣ್ಣ ಚಮತ್ಕಾರ ಮುಂದಿನದಕ್ಕೆಲ್ಲ ಸೂಚನೆಯಂತಿದೆ. ಎರಡನೆಯದು ಹಿಪ್ಪೊಲಿಟಸನ ಎದುರು. ಥೀಸಿಯಸ್ ಸತ್ತನೆಂಬ ಸುಳ್ಳು ಸುದ್ದಿ ಹಬ್ಬಿರುತ್ತದೆ. ತನ್ನ ಎಳೆಯ ಮಗನ ಪರವಾಗಿ ಬೇಡಿಕೊಳ್ಳಲೆಂದು ಬಂದ ತಾಯಿ, ಗಂಡನನ್ನು ಹೊಗಳುತ್ತ ಹೊಗಳುತ್ತ ಅರಿವಿಲ್ಲದೆ ಮಲಮಗನ ರೂಪವನ್ನೇ ಬಣ್ಣಿಸತೊಡಗುತ್ತಾಳೆ. ಅರಿವಿಲ್ಲದೆ ಎಂಬುದು ಪೂರ್ತಿ ಸರಿಯೇ ಎಂಬ ಸಂದೇಹವನ್ನು ರಾಸೀನ್ ಬೇಕೆಂದೇ ಉಳಿಸಿದ್ದಾನೆ. ಮಾತು ಹೊರಬಿದ್ದ ಮೇಲೆ ಅವಳು ತನ್ನನ್ನು ಕೊಲ್ಲೆಂದು ಬೇಡಿ ಅವನ ಖಡ್ಗವನ್ನು ಕಿತ್ತುಕೊಳ್ಳುತ್ತಾಳೆ. ಮುಂದೆ ಅಪವಾದಕ್ಕೆ ಸಾಕ್ಷಿಯಾಗುವುದು ಇದೇ ಖಡ್ಗ.

ಮೂರನೆಯ ಒಪ್ಪಿಗೆ ಐದನೆಯ ಅಂಕದ ಕೊನೆಯ ದೃಶ್ಯದಲ್ಲಿದೆ. ಅದನ್ನು ನೋಡುವ ಮೊದಲು ನಾಲ್ಕನೆಯ ಅಂಕದಲ್ಲಿ ನಡೆಯದೆ ಹೋದ ಒಪ್ಪಿಗೆಯೊಂದನ್ನು ಗಮನಿಸಬೇಕು. ಇಡೀ ನಾಟಕದ ಕೀಲಿ ಅಲ್ಲಿದೆ ಎಂದರೆ ಅತಿಶಯೋಕ್ತಿಯಲ್ಲ. ಥೀಸಿಯಸ್ ಜೀವಂತವಾಗಿ ಮರಳಿದ್ದಾನೆ. ಈನೋನೆ ಖಡ್ಗವನ್ನು ತೋರಿಸಿ ಹಿಪ್ಪೊಲಿಟಸನ ಮೇಲೆ ದೂರು ಹೇಳಿದ್ದಾಳೆ. ತಂದೆ ಮಗನನ್ನು ಶಪಿಸಿ ಸಮುದ್ರದೇವತೆ ನೆಪ್ಟ್ಯೂನನಿಗೆ ಒಪ್ಪಿಸಿದ್ದಾನೆ. ಆಗ ಫೇದ್ರ ದಾದಿಯ ಕೈ ಕೊಡವಿಕೊಂಡು ಗಂಡನ ಬಳಿಗೆ ಓಡಿಬರುತ್ತಾಳೆ. ಮಗನನ್ನು ಉಳಿಸೆಂದು ಬೇಡುತ್ತಾಳೆ. ಸತ್ಯ ಅವಳ ನಾಲಿಗೆಯ ತುದಿಯಲ್ಲಿರುವಂತೆ ತೋರುತ್ತದೆ. ಅಷ್ಟರಲ್ಲಿ ಥೀಸಿಯಸ್ ಇನ್ನೊಂದು ಸಂಗತಿಯನ್ನು ಹೇಳಿಬಿಡುತ್ತಾನೆ: ತಾನು ಪ್ರೀತಿಸುವುದು ಅರಿಸಿಯಳನ್ನು ಎಂದು ಮಗ ಹೇಳಿಕೊಂಡಿದ್ದಾನೆ. ಥೀಸಿಯಸನ ಪಾಲಿಗೆ ಅದು ತಪ್ಪಿಸಿಕೊಳ್ಳಲು ಹೂಡಿದ ನೆಪ. ಫೇದ್ರಳಿಗೆ ಮಾತ್ರ ಅದು ನಿಜವೆಂದು ಹೊಳೆಯುತ್ತದೆ. ಯಾವ ಹೆಣ್ಣನ್ನೂ ಒಲ್ಲದವನೆಂದು ತಿಳಿದವನು ತನ್ನನ್ನು ಮಾತ್ರ ಒಲ್ಲ. ಅವಳ ಬಾಯಿ ಕಟ್ಟಿಹೋಗುತ್ತದೆ.

ಥೀಸಿಯಸ್ ಹೋದ ಮೇಲೆ ಒಬ್ಬಳೇ ನಿಂತು ಫೇದ್ರ ಆಡುವ ಮಾತಿನ ಸಾರವಿಷ್ಟು. ಪಶ್ಚಾತ್ತಾಪದ ಸೆಳೆತಕ್ಕೆ ಸಿಕ್ಕಿ ತಾನು ಬಂದಿದ್ದೆ. ಆ ಸೆಳೆತ ಎಲ್ಲಿಯವರೆಗೆ ಕೊಂಡೊಯ್ಯುತ್ತಿತ್ತೋ ತನಗೂ ತಿಳಿಯದು. ಬಹುಶಃ ತನ್ನನ್ನು ತಾನೇ ದೂರಿಕೊಳ್ಳುತ್ತಿದ್ದೆನೇನೋ. ಧ್ವನಿ ಕಡಿದುಹೋಗದಿದ್ದರೆ ಸತ್ಯ ಹೊರಬೀಳುತ್ತಿತ್ತೇನೋ. ಈ ‘ಬಹುಶಃ’ ಎಂಬ ಪದ ಅತ್ಯಂತ ಮುಖ್ಯವಾದದ್ದು. ಒಪ್ಪಿಕೊಳ್ಳಬೇಕೆಂದು ನಿರ್ಧರಿಸಿ ಬಂದಿದ್ದೆನೆಂದು ಅವಳು ಹೇಳುವುದಿಲ್ಲ. ತನ್ನ ಉದ್ದೇಶ ತನಗೇ ಖಚಿತವಿಲ್ಲ. ಒಂದು ಮಾತಂತೂ ಸ್ಪಷ್ಟ: ಅವಳನ್ನು ಗಂಡನ ಬಳಿಗೆ ಓಡಿಸಿದ ಪಶ್ಚಾತ್ತಾಪದೊಳಗೆ ಹಿಪ್ಪೊಲಿಟಸ್ ಯಾರಿಗೂ ಸೇರಿದವನಲ್ಲ ಎಂಬ ನಂಬಿಕೆಯ ಆಸರೆಯೂ ಇತ್ತು. ಆ ಆಸರೆ ಕಳಚಿದೊಡನೆ ಪಶ್ಚಾತ್ತಾಪವೂ ಕಾಲು ಮುರಿದುಕೊಂಡು ಕುಳಿತಿತು. ಅರಿಸಿಯ ಎಂಬ ಪ್ರಣಯಿನಿಯನ್ನು ರಾಸೀನ್ ತಂದದ್ದು ಫ್ರೆಂಚ್ ರಂಗಭೂಮಿಯ ಶೃಂಗಾರದ ಅಭಿರುಚಿಯನ್ನು ತಣಿಸಲಿಕ್ಕೆ ಎಂದು ಆಕ್ಷೇಪಿಸಿದವರುಂಟು. ಪೋರ್‌ರಾಯಲ್ ಪಂಥದ ಹಿರಿಯ ಪಂಡಿತ ಅರ್ನೋ ನಾಟಕವನ್ನು ಮೆಚ್ಚಿದರೂ, ಹಿಪ್ಪೊಲಿಟಸನನ್ನು ಪ್ರೇಮಿಯಾಗಿಸಿದ್ದೇಕೆ ಎಂದು ಕೇಳಿದನೆಂದು ರಾಸೀನನ ಮಗ ಲೂಯಿ ಬರೆದಿಟ್ಟಿದ್ದಾನೆ. ಪ್ರಶ್ನೆಗೆ ಉತ್ತರ ಈ ದೃಶ್ಯದಲ್ಲಿಯೇ ಇದೆ. ಅರಿಸಿಯ ಇಲ್ಲದಿದ್ದರೆ ಫೇದ್ರ ನಾಲ್ಕನೆಯ ಅಂಕದಲ್ಲಿಯೇ ಬಾಯಿ ಬಿಡುತ್ತಿದ್ದಳು, ಹಿಪ್ಪೊಲಿಟಸ್ ಬದುಕುತ್ತಿದ್ದ.

ಐದನೆಯ ಅಂಕಕ್ಕೆ ಬರುವಷ್ಟರಲ್ಲಿ ಈನೋನೆ ಸಮುದ್ರಕ್ಕೆ ಹಾರಿ ಸತ್ತಿದ್ದಾಳೆ. ಈ ಸುದ್ದಿ ತರುವ ಪನೋಪೆ ಎಂಬ ಪರಿಚಾರಿಕೆ ಫೇದ್ರಳ ಸ್ಥಿತಿಯನ್ನೂ ವರ್ಣಿಸುತ್ತಾಳೆ. ರಾಣಿ ಮಕ್ಕಳನ್ನು ಬರಸೆಳೆದು ಅಪ್ಪಿಕೊಳ್ಳುತ್ತಾಳೆ, ಮರುಕ್ಷಣ ದೂರ ತಳ್ಳುತ್ತಾಳೆ. ಮೂರು ಬಾರಿ ಪತ್ರ ಬರೆದಿದ್ದಾಳೆ, ಮೂರು ಬಾರಿಯೂ ಮನಸ್ಸು ಬದಲಿಸಿ ಹರಿದು ಹಾಕಿದ್ದಾಳೆ. ಆ ಪತ್ರಗಳಲ್ಲಿ ಏನಿತ್ತು, ಯಾರಿಗೆ ಬರೆದದ್ದು ಎಂದು ನಾಟಕ ಹೇಳುವುದಿಲ್ಲ. ಯೂರಿಪಿಡೀಸನ ನಾಟಕವನ್ನು ಬಲ್ಲ ಪ್ರೇಕ್ಷಕನಿಗೆ ಸತ್ತ ರಾಣಿಯ ಕೈಯಲ್ಲಿದ್ದ ಹಲಗೆ ಇಲ್ಲಿ ನೆನಪಾಗದಿರದು. ಅಲ್ಲಿ ಬರಹ ಸುಳ್ಳನ್ನು ಹೊತ್ತು ಉಳಿಯಿತು. ಇಲ್ಲಿ ಬರಹ ಮೂರು ಸಲ ನಾಶವಾಯಿತು. ಪತ್ರದಲ್ಲಿ ಒಪ್ಪಿಕೊಳ್ಳುವುದು ಸುಲಭ, ಎದುರಿನವರ ಮುಖ ನೋಡಬೇಕಿಲ್ಲ. ಫೇದ್ರ ಆ ಸುಲಭದ ದಾರಿಯನ್ನು ತೊರೆದಳೆಂದು ಒಂದು ಬಗೆಯಲ್ಲಿ ಓದಬಹುದು. ಪತ್ರಕ್ಕೆ ಪ್ರೇಕ್ಷಕರಿಲ್ಲ, ಅವಳಿಗೆ ಕಣ್ಣೆದುರು ಕೇಳುವವರು ಬೇಕಿತ್ತೆಂದು ಇನ್ನೊಂದು ಬಗೆಯಲ್ಲಿಯೂ ಓದಬಹುದು.

ಕೊನೆಗೆ ಅವಳು ರಂಗಕ್ಕೆ ಬರುವುದು ಹಿಪ್ಪೊಲಿಟಸ್ ಸತ್ತ ಮೇಲೆ. ಸಮುದ್ರದಿಂದೆದ್ದ ಘೋರ ಜಂತುವನ್ನು ಕಂಡು ಬೆದರಿದ ಕುದುರೆಗಳು ಅವನನ್ನು ಬಂಡೆಗಳ ಮೇಲೆ ಎಳೆದು ಕೊಂದ ವೃತ್ತಾಂತವನ್ನು ಥೆರಾಮನೆಸ್ ಆಗತಾನೆ ಹೇಳಿ ಮುಗಿಸಿದ್ದಾನೆ. ಥೀಸಿಯಸನಿಗೆ ಸಂಶಯ ಮೊಳೆತಿದ್ದರೂ ನಿಜ ಬೇಕಿಲ್ಲ. ಮಗ ಅಪರಾಧಿಯೆಂದೇ ನಂಬಿ ಉಳಿದ ಬದುಕನ್ನು ಕಳೆಯಲು ಆತ ಸಿದ್ಧ, ಏಕೆಂದರೆ ಸತ್ಯ ಮಗನನ್ನು ಮರಳಿ ತರಲಾರದು, ತನ್ನ ದುಃಖವನ್ನು ಹೆಚ್ಚಿಸೀತು. ಈ ಘಟ್ಟದಲ್ಲಿ ಫೇದ್ರ ಮೌನವಾಗಿದ್ದರೆ ಅವಳನ್ನು ಕೇಳುವವರಿರಲಿಲ್ಲ. ಆದರೂ ಅವಳು ಮೌನ ಮುರಿಯುತ್ತಾಳೆ. ಅವನಿಗೆ ನಿರ್ದೋಷವನ್ನು ಮರಳಿಸಬೇಕು, ಅವನು ತಪ್ಪಿತಸ್ಥನಲ್ಲ ಎಂದು ಮೊದಲ ಮಾತಿನಲ್ಲಿಯೇ ಹೇಳುತ್ತಾಳೆ. ಇಷ್ಟು ಮಾತ್ರ ಹೇಳಿ ನಿಲ್ಲಿಸಿದ್ದರೆ ಇದು ಕಳಂಕರಹಿತವಾದ ಒಪ್ಪಿಗೆಯಾಗುತ್ತಿತ್ತು.

ಅವಳು ನಿಲ್ಲಿಸುವುದಿಲ್ಲ. ಪವಿತ್ರನಾದ ಆ ಮಗನ ಮೇಲೆ ಕಣ್ಣು ಹಾಕಿದವಳು ತಾನು ಎನ್ನುತ್ತಾಳೆ. ಮರುಕ್ಷಣವೇ, ಆ ಬೆಂಕಿಯನ್ನು ಎದೆಯಲ್ಲಿಟ್ಟದ್ದು ದೇವರು ಎನ್ನುತ್ತಾಳೆ. ಉಳಿದುದನ್ನೆಲ್ಲ ಮಾಡಿದವಳು ನೀಚಳಾದ ಈನೋನೆ, ತನ್ನ ದುರ್ಬಲತೆಯನ್ನು ಬಳಸಿಕೊಂಡವಳು ಅವಳು, ನೀರಿಗೆ ಬಿದ್ದದ್ದು ಅವಳಿಗೆ ತೀರ ಹಗುರವಾದ ಶಿಕ್ಷೆ ಎಂದೂ ಸೇರಿಸುತ್ತಾಳೆ. ಮೂರನೆಯ ಅಂಕದಲ್ಲಿ ದಾದಿ ಈ ಉಪಾಯವನ್ನು ಸೂಚಿಸಿದಾಗ, ನಿನಗೆ ತೋಚಿದ್ದನ್ನು ಮಾಡು, ನನ್ನನ್ನು ನಿನ್ನ ಕೈಗೊಪ್ಪಿಸಿದ್ದೇನೆ ಎಂದು ಅನುಮತಿ ಕೊಟ್ಟವಳು ಫೇದ್ರಳೇ. ಆ ಅನುಮತಿಯ ಮಾತು ಒಪ್ಪಿಗೆಯಲ್ಲಿ ಬರುವುದಿಲ್ಲ. ನಾಲ್ಕನೆಯ ಅಂಕದಲ್ಲಿ ಅಸೂಯೆಯಿಂದ ಬಾಯಿ ಮುಚ್ಚಿಕೊಂಡ ಸಂಗತಿಯೂ ಬರುವುದಿಲ್ಲ. ಅರಿಸಿಯಳ ಹೆಸರೇ ಇಲ್ಲ. ಅಂದರೆ ಫೇದ್ರ ಒಪ್ಪಿಕೊಳ್ಳುವುದು ಮೋಹವನ್ನು; ಕೊಲೆಗೆ ಕಾರಣವಾದ ಮೌನವನ್ನಲ್ಲ. ದೊಡ್ಡ ಪಾಪವನ್ನು ಮುಂದಿಟ್ಟು, ಅದಕ್ಕಿಂತ ಸಣ್ಣದಾಗಿ ಕಾಣುವ, ಆದರೆ ಒಂದು ಜೀವವನ್ನು ತೆಗೆದ ಪಾಪವನ್ನು ಅವಳು ಮರೆಮಾಡುತ್ತಾಳೆ. ದಾದಿಯ ಮೇಲೆ ಭಾರ ಹಾಕುವ ಅವಕಾಶವನ್ನು ಕಲ್ಪಿಸಿದವನು ನಾಟಕಕಾರನೇ. ಅಪವಾದದ ಹೀನಕಾರ್ಯ ರಾಜಕುಮಾರಿಯೊಬ್ಬಳಿಗೆ ಸಲ್ಲದು, ದಾದಿಗೆ ಹೆಚ್ಚು ಒಪ್ಪುತ್ತದೆ ಎಂಬ ಅಭಿಪ್ರಾಯವನ್ನು ಆತ ಮುನ್ನುಡಿಯಲ್ಲಿ ಕೊಟ್ಟಿದ್ದಾನೆ. ಅರಮನೆಯ ಪಾಪವನ್ನು ಊಳಿಗದವರ ತಲೆಗೆ ಕಟ್ಟುವ ಈ ಪದ್ಧತಿ ಜನಪದ ಕಥೆಗಳನ್ನು ಓದಿದವರಿಗೆ ಹೊಸದೇನಲ್ಲ.

ಒಪ್ಪಿಗೆಯ ಕೊನೆಯ ಭಾಗದಲ್ಲಿ ಸಾಯುವ ಬಗೆಯ ಪ್ರಸ್ತಾಪವಿದೆ. ಖಡ್ಗದಿಂದ ಬೇಗ ಸಾಯಬಹುದಿತ್ತು. ಆದರೆ ನಿರಪರಾಧಿಯ ಹೆಸರಿಗೆ ಅಂಟಿದ ಕಳಂಕ ಹಾಗೆಯೇ ಉಳಿಯುತ್ತಿತ್ತು. ಅದಕ್ಕಾಗಿ ನಿಧಾನದ ದಾರಿ ಹಿಡಿದು, ಮೀಡಿಯ ಅಥೆನ್ಸಿಗೆ ತಂದಿದ್ದ ವಿಷವನ್ನು ಕುಡಿದು ಬಂದಿದ್ದಾಳೆ. ಸೆನೆಕನ ರಾಣಿಯ ಖಡ್ಗವನ್ನು ರಾಸೀನ್ ಬಿಟ್ಟುಕೊಟ್ಟದ್ದು ಮಾತಿಗೆ ಸಮಯ ಬೇಕೆಂಬ ಕಾರಣಕ್ಕೆ. ಇದರಲ್ಲಿಯೂ ಎರಡು ಎಳೆಗಳಿವೆ. ವಿಷ ಕುಡಿದು ಬಂದವಳನ್ನು ಯಾರೂ ಶಿಕ್ಷಿಸಲಾರರು. ತೀರ್ಪನ್ನು ಅವಳೇ ಬರೆದುಕೊಂಡು ಬಂದಿದ್ದಾಳೆ. ಥೀಸಿಯಸನಿಗೆ ಉಳಿದದ್ದು ಕೇಳುವುದೊಂದೇ. ಇನ್ನೊಂದೆಡೆ, ವಿಷ ಏರುತ್ತಿರುವಾಗ ಉಳಿದ ಉಸಿರನ್ನೆಲ್ಲ ತನ್ನ ಸುಖಕ್ಕಲ್ಲದೆ ಇನ್ನೊಬ್ಬನ ಹೆಸರಿಗಾಗಿ ವ್ಯಯಿಸಿದಳೆಂಬುದೂ ಸುಳ್ಳಲ್ಲ. ತನ್ನ ಕಣ್ಣುಗಳು ಮುಚ್ಚುವುದರಿಂದ, ಅವು ಮಲಿನಗೊಳಿಸಿದ ಹಗಲಿಗೆ ಶುದ್ಧಿ ಮರಳುತ್ತದೆ ಎಂಬರ್ಥದ ಮಾತಿನೊಂದಿಗೆ ಅವಳ ಉಸಿರು ನಿಲ್ಲುತ್ತದೆ. ಫೇದ್ರ ಸೂರ್ಯವಂಶದವಳು, ಅವಳ ತಾಯಿಯ ತಂದೆ ಸೂರ್ಯ. ಅಲ್ಲದೆ ತಂದೆ ಮೀನೋಸ್ ಪಾತಾಳದಲ್ಲಿ ಸತ್ತವರ ನ್ಯಾಯಾಧೀಶ. ಮೇಲೆ ನೋಡುವ ಕಣ್ಣು, ಕೆಳಗೆ ವಿಚಾರಿಸುವ ಕಣ್ಣು. ಸಾಯುವುದೂ ಅವಳಿಗೆ ಅಡಗಿಕೊಳ್ಳುವ ದಾರಿಯಲ್ಲ. ತಂದೆಯ ಪೀಠದ ಮುಂದೆ ನಿಲ್ಲುವ ಭಯವನ್ನು ಅವಳು ನಾಲ್ಕನೆಯ ಅಂಕದಲ್ಲಿಯೇ ಬಿಚ್ಚಿ ಹೇಳಿದ್ದಾಳೆ. ಕೊನೆಯ ಒಪ್ಪಿಗೆಯಲ್ಲಿ ಆ ಭಯದ ಪಾಲೆಷ್ಟು, ಪಶ್ಚಾತ್ತಾಪದ ಪಾಲೆಷ್ಟು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಈ ಪ್ರಶ್ನೆ ಅಂದಿನ ಫ್ರಾನ್ಸಿನಲ್ಲಿ ಕೇವಲ ನಾಟಕದ ಪ್ರಶ್ನೆಯಾಗಿರಲಿಲ್ಲ. ಕ್ಯಾಥೊಲಿಕ್ ಕ್ರೈಸ್ತರು ವರ್ಷಕ್ಕೊಮ್ಮೆಯಾದರೂ ಪಾದ್ರಿಯ ಮುಂದೆ ಪಾಪನಿವೇದನೆ ಮಾಡಬೇಕೆಂದು 1215ರ ಲ್ಯಾಟರನ್ ಧರ್ಮಸಭೆ ಕಡ್ಡಾಯಗೊಳಿಸಿತ್ತು. ನಿವೇದಿಸುವವನ ಮನಸ್ಸು ಹೇಗಿರಬೇಕು? ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ಪರಿಪೂರ್ಣ ಪಶ್ಚಾತ್ತಾಪವೇ ಬೇಕೋ, ನರಕದ ಭಯದಿಂದಲೋ ಪಾಪದ ಹೇಸಿಗೆಯಿಂದಲೋ ಹುಟ್ಟಿದ ಅಪೂರ್ಣ ಪಶ್ಚಾತ್ತಾಪವೂ ಸಾಕೋ? 1551ರಲ್ಲಿ ಟ್ರೆಂಟ್ ಧರ್ಮಸಭೆ ಎರಡನೆಯದಕ್ಕೂ ಬೆಲೆಯುಂಟೆಂದು ಹೇಳಿತು. ಅದು ಎಷ್ಟರಮಟ್ಟಿಗೆ ಸಾಕು ಎಂಬ ವಿವಾದ ಮಾತ್ರ ಮುಗಿಯಲಿಲ್ಲ. ಜೆಸ್ಯೂಟರು ಭಯವೂ ಸಾಕೆಂಬತ್ತ ವಾಲಿದರೆ, ಪೋರ್‌ರಾಯಲ್ಲಿನ ಜಾನ್ಸೆನಿಸ್ಟರು ಪ್ರೀತಿಯಿಲ್ಲದ ಪಶ್ಚಾತ್ತಾಪವನ್ನು ಒಪ್ಪಲಿಲ್ಲ. 1656-57ರಲ್ಲಿ ಪಾಸ್ಕಲ್ ಬರೆದ ಪತ್ರಗಳು ಜೆಸ್ಯೂಟರ ಸಡಿಲಿಕೆಯನ್ನು ಗೇಲಿ ಮಾಡಿದವು. 1665ರಲ್ಲಿ ಬಂದ ಲಾ ರೋಷ್‌ಫುಕೊನ ಸೂಕ್ತಿಗಳು ಸದ್ಗುಣಗಳ ಒಳಗೆ ಅಡಗಿದ ಸ್ವಪ್ರೇಮವನ್ನು ಒಂದೊಂದಾಗಿ ಬಯಲಿಗೆಳೆದವು. ರಾಸೀನ್ ಬೆಳೆದು ಓದಿದ್ದು ಪೋರ್‌ರಾಯಲ್ಲಿನಲ್ಲಿ. ತನ್ನ ಉದ್ದೇಶವನ್ನು ತಾನೇ ನಂಬಲಾಗದ ಮನುಷ್ಯನ ಚಿತ್ರ ಅವನಿಗೆ ಪಾಠಶಾಲೆಯಿಂದಲೇ ದೊರೆತದ್ದು. ಗ್ರೀಕ್ ರಾಣಿಗೆ ಆತ ಹದಿನೇಳನೆಯ ಶತಮಾನದ ಅಂತಃಕರಣವನ್ನು ಕೊಟ್ಟಿದ್ದಾನೆ. ಪಾದ್ರಿಯನ್ನು ಮಾತ್ರ ಕೊಟ್ಟಿಲ್ಲ.

ರೋಲಾಂ ಬಾರ್ತ್ 1963ರ ತನ್ನ ರಾಸೀನ್ ಕುರಿತ ಪುಸ್ತಕದಲ್ಲಿ ಈ ನಾಟಕದ ತೊಡಕು ಪ್ರೇಮದ್ದಲ್ಲ, ಮಾತಿನದು ಎಂದು ವಾದಿಸಿದ್ದಾನೆ: ಹೇಳಬೇಕೆ, ಹೇಳಬಾರದೆ ಎಂಬುದೇ ಇಲ್ಲಿನ ಹೋರಾಟ. ವಾದ ಬೆಲೆಯುಳ್ಳದ್ದೇ. ಆದರೆ ಮಾತನ್ನಷ್ಟೇ ಹಿಡಿದರೆ ಫೇದ್ರಳ ಮೂರು ಒಪ್ಪಿಗೆಗಳೂ ಒಂದೇ ತೂಕದವಾಗಿಬಿಡುತ್ತವೆ. ಮೊದಲಿನ ಎರಡರಲ್ಲಿ ಅವಳು ಹೇಳುವುದರಿಂದ ಅವಳಿಗೇ ಹಗುರ. ಮೂರನೆಯದರಲ್ಲಿ ಇನ್ನೊಬ್ಬನ ಹೆಸರು ಉಳಿಯುತ್ತದೆ. ಉದ್ದೇಶ ಬೆರಕೆಯಾಗಿದ್ದರೂ ಫಲದಲ್ಲಿ ವ್ಯತ್ಯಾಸವಿದೆ.

ಕನ್ನಡ ನಾಡಿನ ಜನಪದ ಆಚರಣೆಯೊಂದನ್ನು ಇಲ್ಲಿ ಪಕ್ಕದಲ್ಲಿಟ್ಟು ನೋಡಬಹುದು. ಹರಕೆ ಮರೆತವನು, ಸುಳ್ಳಾಣೆ ಮಾಡಿದವನು ದೇವರ ಮುಂದೆ ತಪ್ಪಾಯಿತೆಂದು ಹೇಳಿ ತಪ್ಪುಕಾಣಿಕೆ ಹಾಕುತ್ತಾನೆ. ದನ ಸತ್ತಿತೆಂದು, ಮಗುವಿಗೆ ಜ್ವರ ಬಂತೆಂದು, ದೈವ ಮುನಿಯಿತೆಂದು ಹೆದರಿಯೇ ಬಹುಮಂದಿ ಬರುತ್ತಾರೆ. ಆ ಭಯವನ್ನು ಅಲ್ಲಿ ಯಾರೂ ಕೀಳೆಂದು ತಿಳಿಯುವುದಿಲ್ಲ, ಪಶ್ಚಾತ್ತಾಪ ಶುದ್ಧವೋ ಬೆರಕೆಯೋ ಎಂದು ಪೂಜಾರಿ ಕೇಳುವುದೂ ಇಲ್ಲ. ತಪ್ಪು ಬಾಯಲ್ಲಿ ಬಂದಿತೇ, ಕಾಣಿಕೆ ಬಿದ್ದಿತೇ, ಕೆಟ್ಟ ಸಂಬಂಧ ನೇರವಾಯಿತೇ ಎಂಬುದಷ್ಟೇ ಮುಖ್ಯ. ಇದನ್ನು ಫ್ರೆಂಚ್ ನಾಟಕಕ್ಕೆ ಅಳತೆಗೋಲಾಗಿ ಹಿಡಿಯುವುದು ಸರಿಯಲ್ಲ. ಆದರೆ ಉದ್ದೇಶದ ಶುದ್ಧಿಯನ್ನೇ ಒಪ್ಪಿಗೆಯ ಪ್ರಾಣವೆಂದು ಭಾವಿಸುವುದು ಎಲ್ಲ ಸಮಾಜಗಳ ರೀತಿಯಲ್ಲ ಎಂಬ ಅರಿವು ವಿಮರ್ಶಕನಿಗೆ ಇರಬೇಕು. ಫೇದ್ರಳ ಒಪ್ಪಿಗೆಯಲ್ಲಿ ಅಹಂಕಾರವನ್ನೂ ನಾಟಕೀಯತೆಯನ್ನೂ ಕಂಡು ಅದನ್ನು ತಳ್ಳಿಹಾಕುವವರು, ಸತ್ತ ತರುಣನ ಹೆಸರು ಅದರಿಂದಲೇ ಉಳಿಯಿತೆಂಬುದನ್ನು ಮರೆಯುತ್ತಾರೆ.

ಕಾಣಿಕೆ ಸ್ವೀಕರಿಸುವ ದೈವವಾಗಲಿ, ಕ್ಷಮೆ ನುಡಿಯುವ ಪಾದ್ರಿಯಾಗಲಿ ರಾಸೀನನ ರಂಗದ ಮೇಲಿಲ್ಲ. ಇರುವವನು ಥೀಸಿಯಸ್ ಒಬ್ಬನೇ. ಸೆನೆಕನ ಥೀಸಿಯಸ್ ಹೆಂಡತಿಯನ್ನು ಹೂಳುವ ಮಣ್ಣು ಅವಳ ಮೇಲೆ ಭಾರವಾಗಿ ಬೀಳಲಿ ಎಂದು ಶಪಿಸಿದ್ದ. ಇಲ್ಲಿಯವನು ಶಪಿಸುವುದಿಲ್ಲ, ಕ್ಷಮಿಸುವುದೂ ಇಲ್ಲ. ಇಷ್ಟು ಕರಾಳವಾದ ಕೃತ್ಯದ ನೆನಪೂ ಅವಳೊಡನೆ ಸಾಯಬಾರದಿತ್ತೇ ಎಂದು ಹಲುಬಿ, ಹೆಂಡತಿಯ ಶವವನ್ನು ಅಲ್ಲಿಯೇ ಬಿಟ್ಟು, ಮಗನ ದೇಹದಲ್ಲಿ ಉಳಿದುದನ್ನು ಅಪ್ಪಿಕೊಳ್ಳಲು ಹೊರಡುತ್ತಾನೆ. ಹೋಗುವ ಮೊದಲು, ಮಗ ಪ್ರೀತಿಸಿದ ಅರಿಸಿಯಳನ್ನು ಇನ್ನು ಮುಂದೆ ತನ್ನ ಮಗಳೆಂದು ಕಾಣುವುದಾಗಿ ಹೇಳುತ್ತಾನೆ. ಫೇದ್ರ ತನ್ನ ಒಪ್ಪಿಗೆಯಲ್ಲಿ ಎತ್ತದೆ ಬಿಟ್ಟ ಹೆಸರು ಅದೊಂದೇ.